ಗಾರೆ ಇಲ್ಲದ ಗೋಡೆ, ನಾನು ಕೇಳಿದ ಪ್ರಶ್ನೆ

ಅಮ್ಮ ಜೋಹಾನ್ಸ್‌ಬರ್ಗ್‌ಗೆ ಬಂದು ತಿಂಗಳಾಗಿತ್ತು. ಮಾಲ್ ನೋಡಿದ್ದಾಯ್ತು, ಸಿಂಹ ನೋಡಿದ್ದಾಯ್ತು. ಒಂದು ಸಂಜೆ, "ಇಲ್ಲಿ ಹಳೇ ಊರು ಯಾವ್ದೂ ಇಲ್ಲೇನೋ?" ಅಂತ ಕೇಳಿದಳು. ಹೊಸಪೇಟೆಯಲ್ಲಿ ಹುಟ್ಟಿ ಬೆಳೆದವಳಿಗೆ ಪಾಳುಬಿದ್ದ ಪಟ್ಟಣ ಇಲ್ಲದ ದೇಶ ಒಂದು ದೇಶವೇ ಅಲ್ಲ! ಹಾಗಾಗಿ ಗ್ರೇಟ್ ಜಿಂಬಾಬ್ವೆಗೆ ಹೊರಟೆವು. ವಿಮಾನ ಬೇಡ, ದಾರಿ ನೋಡ್ಕೊಂಡು ಹೋಗೋಣ ಅಂದಿದ್ದೂ ಅವಳೇ.

ದಾರಿಗಿಂತ ಜಾಸ್ತಿ ನೋಡಿದ್ದು ಕ್ಯೂ. ಲಿಂಪೊಪೊ ನದಿ ದಾಟುವ ಬೈಟ್‌ಬ್ರಿಜ್ ಗಡಿಯಲ್ಲಿ ನಮ್ಮ ಬಸ್ಸು ಐದು ಗಂಟೆ ನಿಂತಿತು. ಎಣ್ಣೆ ಕ್ಯಾನು, ಸೋಪು, ಕಂಬಳಿ ಹೊತ್ತು ಊರಿಗೆ ಹೊರಟ ಹೆಂಗಸರು. ಅಮ್ಮ ಡಬ್ಬಿ ಬಿಚ್ಚಿ ಪಕ್ಕದವಳಿಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಕೊಟ್ಟಳು. ಆಕೆ ಬೇಯಿಸಿದ ಮೆಕ್ಕೆಜೋಳ ಕೊಟ್ಟಳು. ಭಾಷೆ ಬರದಿದ್ದರೂ ಇಬ್ಬರೂ ಏನೇನೋ ಮಾತಾಡಿದರು. ನಾನು ಸಿಗ್ನಲ್ ಹುಡುಕುತ್ತಿದ್ದೆ.

ಗಡಿ ದಾಟಿದ ಮೇಲೆ ದಪ್ಪ ಹೊಟ್ಟೆಯ ಬಾವೊಬಾಬ್ ಮರಗಳು. ಮಸ್ವಿಂಗೊ ಹತ್ತಿರ ಬಂದಂತೆ ಒಂದರ ಮೇಲೊಂದು ಕೂತ ಬಂಡೆಗಳು. ಅಮ್ಮ ನನ್ನ ಭುಜ ತಟ್ಟಿದಳು. "ಹಂಪಿ ಬಂತಲ್ಲೋ!" ಅವಳ ಮಾತು ತೀರಾ ತಮಾಷೆಯಲ್ಲ. ಹಂಪಿ, ಗ್ರೇಟ್ ಜಿಂಬಾಬ್ವೆ ಎರಡೂ ಯುನೆಸ್ಕೊ ಪಟ್ಟಿ ಸೇರಿದ್ದು 1986ರಲ್ಲೇ.

ಬೆಟ್ಟದ ಮೇಲಿನ ಕಟ್ಟಡಗಳನ್ನು ನೋಡಿ ಇಳಿದು ದೊಡ್ಡ ಆವರಣಕ್ಕೆ ಬಂದೆವು. ಸುತ್ತಳತೆ ಸುಮಾರು 250 ಮೀಟರ್, ಎತ್ತರ ಕೆಲವು ಕಡೆ 11 ಮೀಟರ್. ಒಂದು ಚಿಟಿಕೆ ಗಾರೆ ಇಲ್ಲ. ಬರೀ ಗ್ರಾನೈಟ್ ತುಂಡುಗಳು, ಸಾಲಾಗಿ, ತಿರುವಿನಲ್ಲಿ ನೀರು ಹರಿದಂತೆ. ಒಳಗೆ ಶಂಕುವಿನಾಕಾರದ ಗೋಪುರ, ಅದೂ ಟೊಳ್ಳಲ್ಲ, ಪೂರ್ತಿ ಕಲ್ಲೇ.

ಆಗ ನಾನು ಗೈಡ್‌ಗೆ ಕೇಳಿದೆ: "ನಿಜವಾಗಿ ಇದನ್ನ ಕಟ್ಟಿದ್ದು ಯಾರು? ಅರಬರಾ, ಅಥವಾ ನಮ್ಮ ಕಡೆಯಿಂದ ಬಂದವರಾ?"

ಆತ ನಕ್ಕ. ಬೇಜಾರಿನ ನಗು ಅದು. 1871ರಲ್ಲಿ ಬಂದ ಕಾರ್ಲ್ ಮೌಚ್ ಎಂಬ ಜರ್ಮನ್ ಕೂಡ ಇದನ್ನೇ ಕೇಳಿದ್ದ ಅಂದ. ಬಾಗಿಲ ಮೇಲಿನ ಮರದ ತುಂಡು ತನ್ನ ಪೆನ್ಸಿಲ್ಲಿನ ಮರದಂತೆ ಕಂಡಿದ್ದಕ್ಕೆ, ಇದು ಲೆಬನಾನಿನ ಸೀಡರ್, ಕಟ್ಟಿಸಿದ್ದು ಶೀಬಾ ರಾಣಿ ಅಂತ ತೀರ್ಮಾನಿಸಿಬಿಟ್ಟನಂತೆ. ಮರ ಇಲ್ಲಿನದೇ! ಆಮೇಲೆ ರಿಚರ್ಡ್ ಹಾಲ್ ಎಂಬಾತ, ಆಫ್ರಿಕನ್ನರ ಕಸ ತೆಗೆಯುತ್ತೇನೆ ಅಂತ ಮೀಟರುಗಟ್ಟಲೆ ಮಣ್ಣನ್ನೇ ಬಾಚಿ ಎಸೆದ. ಸಾಕ್ಷಿ ಇದ್ದದ್ದು ಆ ಮಣ್ಣಲ್ಲಿ. 1905ರಲ್ಲಿ ರ‍್ಯಾಂಡಲ್ ಮ್ಯಾಕೈವರ್, 1929ರಲ್ಲಿ ಗರ್ಟ್ರೂಡ್ ಕೇಟನ್ ಥಾಮ್ಸನ್ ಅಗೆದು ನೋಡಿ, ಕಟ್ಟಿದವರು ಆಫ್ರಿಕನ್ನರೇ ಅಂದರು. ಇಂದಿನ ಶೋನಾ ಜನರ ಪೂರ್ವಜರು, 11ರಿಂದ 15ನೇ ಶತಮಾನದ ನಡುವೆ. ಬಿಳಿಯರ ರೊಡೇಷಿಯಾ ಸರ್ಕಾರಕ್ಕೆ ಮಾತ್ರ ಆ ಉತ್ತರ ಕೊನೇವರೆಗೂ ಹಿಡಿಸಲಿಲ್ಲ.

"ನಿಮ್ಮ ದೇಶದಿಂದ ಬಂದದ್ದು ಮಣಿ," ಅಂದ ಗೈಡ್. ಅಗೆದಾಗ ಭಾರತದ ಗಾಜಿನ ಮಣಿಗಳು, ಚೀನಾದ ಪಿಂಗಾಣಿ ಚೂರುಗಳು ಸಿಕ್ಕಿವೆ. ಇಲ್ಲಿನ ಚಿನ್ನ ಕರಾವಳಿಗೆ ಹೋಗುತ್ತಿತ್ತು, ಅವು ಇಲ್ಲಿಗೆ ಬರುತ್ತಿದ್ದವು. ವ್ಯಾಪಾರ, ಅಷ್ಟೇ.

ಅಷ್ಟರಲ್ಲಿ ಅಮ್ಮ ಗೋಡೆಗೆ ಅಂಗೈ ಇಟ್ಟು ನಿಂತಿದ್ದಳು. "ಬೆಂಕಿ ಹಾಕಿ ಒಡೆದಾರ ನೋಡು" ಅಂದಳು. ನಾನು ಅನುವಾದಿಸಿದೆ. ಗೈಡ್ ತಿರುಗಿ ಅವಳನ್ನೇ ನೋಡಿದ. ಹೌದಂತೆ: ಇಲ್ಲಿನ ಗ್ರಾನೈಟ್ ಈರುಳ್ಳಿ ಸಿಪ್ಪೆಯಂತೆ ತಾನೇ ಪದರ ಬಿಡುತ್ತದೆ, ಬೆಂಕಿ ಹಾಕಿ ನೀರು ಸುರಿದರೆ ಇನ್ನೂ ಬೇಗ. ಇವರಿಗೆ ಹೇಗೆ ಗೊತ್ತು ಅಂತ ಕೇಳಿದ.

"ನಮ್ಮಪ್ಪ ಹಂಗೇ ಒಡೀತಿದ್ದ."

ತಾತ ಕಲ್ಲು ಒಡೆಯುವ ಕೆಲಸದವರು. ನಾನು ಇದನ್ನು ಆಫೀಸಲ್ಲಿ ಯಾರಿಗೂ ಹೇಳಿದವನಲ್ಲ. ಯಾರಾದರೂ ಕೇಳಿದರೆ "ಕನ್‌ಸ್ಟ್ರಕ್ಷನ್" ಅನ್ನುತ್ತಿದ್ದೆ. ಅದನ್ನು ಇಂಗ್ಲಿಷಿಗೆ ತಿರುಗಿಸುವಾಗ ಬಾಯಿ ಒಂದು ಕ್ಷಣ ತಡವರಿಸಿತು. ಅಮ್ಮನಿಗೆ ಗೊತ್ತಾಯಿತೇನೋ, ಗೊತ್ತಿಲ್ಲ. ಗೈಡ್ ಅವಳನ್ನು ಕರೆದುಕೊಂಡು ಹೋಗಿ ಗೋಡೆಯ ಮೇಲಂಚಿನ ಅಂಕುಡೊಂಕು ಗೆರೆಯ ವಿನ್ಯಾಸ ತೋರಿಸಿದ. ಅರ್ಧ ಗಂಟೆ ಅವರಿಬ್ಬರದೇ ಮಾತು, ನಾನು ಬರೀ ದುಭಾಷಿ. ಇಲ್ಲಿ ಸಿಕ್ಕ ಬಳಪದ ಕಲ್ಲಿನ ಹಕ್ಕಿ ಈಗ ದೇಶದ ಬಾವುಟದ ಮೇಲಿದೆ ಅಂದಾಗ, "ಕೆತ್ತಿದವನ ಹೆಸರು ಇಲ್ಲೇನು?" ಅಂದಳು. ಇಲ್ಲ.

ಸಂಜೆ ಫ್ಯಾಮಿಲಿ ಗ್ರೂಪಿಗೆ ಫೋಟೊ ಹಾಕಿದೆ. ಎರಡೇ ನಿಮಿಷಕ್ಕೆ ಮಾವನ ಮೆಸೇಜು: "ಸೂಪರ್! ಕಟ್ಟಿಸಿದ್ದು ನಮ್ಮವರೇನಾ?" ನಾನು ಟೈಪ್ ಮಾಡೋಕೆ ಹೊರಟರೆ ಅಮ್ಮ ಫೋನ್ ಕಿತ್ಕೊಂಡು ವಾಯ್ಸ್ ಮೆಸೇಜ್ ಒತ್ತಿದಳು.

"ಇಲ್ಲಿಯವ್ರೇ ಕಟ್ಯಾರಪಾ. ಅಪ್ಪ ಒಡೀತಿದ್ನಲ್ಲ, ಹಂಗೇ ಕಲ್ಲು ಒಡೆದಾರ. ಗಾರೆ ಇಲ್ಲ ಏನಿಲ್ಲ, ಏನ್ ಚಂದ ಕೂಡಿಸ್ಯಾರ ಗೊತ್ತೇನು. ಮತ್ತ ಬೋರಿನ ಮೋಟರ್ ರಿಪೇರಿ ಆತೇನು?"