ಕೇಬಲ್ ಹಾಯುವ ದಾರಿ

ವಿಮಾನವನ್ನು ಮನೆಯ ಗ್ಯಾರೇಜಿನಲ್ಲಿ ಕಟ್ಟುತ್ತಾರೆ ಅಂದರೆ ಊರಿನಲ್ಲಿ ನನ್ನ ಮಾತನ್ನು ಯಾರೂ ನಂಬುವುದಿಲ್ಲ. ಅಮೆರಿಕದಲ್ಲಿ ಅದಕ್ಕೆ ಕಾನೂನಿನ ಒಪ್ಪಿಗೆಯಿದೆ. ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಹವ್ಯಾಸಿಗಳೇ ಕಲಿಕೆಗಾಗಿಯೋ ಖುಷಿಗಾಗಿಯೋ ಮಾಡಿರಬೇಕು. ಇದನ್ನು ಶೇಕಡಾ 51ರ ನಿಯಮ ಅನ್ನುತ್ತಾರೆ. 1953ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಪಾಲ್ ಪೊಬೆರೆಜ್ನಿ ಆರಂಭಿಸಿದ ಎಕ್ಸ್‌ಪೆರಿಮೆಂಟಲ್ ಏರ್‌ಕ್ರಾಫ್ಟ್ ಅಸೋಸಿಯೇಷನ್ ಇಂಥವರ ದೊಡ್ಡ ಬಳಗ. ವಿಮಾನ ಸಿದ್ಧವಾದ ಮೇಲೆ ಅದರೊಳಗೆ ಪ್ರಯಾಣಿಕರಿಗೆ ಕಾಣುವಂತೆ ಒಂದು ಎಚ್ಚರಿಕೆಯ ಫಲಕ ಹಾಕಬೇಕು: ಇದನ್ನು ಹವ್ಯಾಸಿಗಳು ಕಟ್ಟಿದ್ದಾರೆ, ಸಾಮಾನ್ಯ ವಿಮಾನಗಳ ಸುರಕ್ಷತಾ ನಿಯಮಗಳನ್ನು ಇದು ಪಾಲಿಸುವುದಿಲ್ಲ ಎಂದು.

ನಾನಿರುವುದು ಒಹಾಯೊ ರಾಜ್ಯದ ಡೇಟನ್ ಹತ್ತಿರ. ರೈಟ್ ಸಹೋದರರು ಸೈಕಲ್ ಅಂಗಡಿ ನಡೆಸಿದ ಊರು. ಪಕ್ಕದ ಮನೆಯ ಹಿರಿಯರು ನಿವೃತ್ತ ಗಣಿತ ಮೇಷ್ಟ್ರು. ಒಂಬತ್ತು ವರ್ಷದಿಂದ ಎರಡು ಸೀಟಿನ ವಿಮಾನವೊಂದನ್ನು ಕಟ್ಟುತ್ತಿದ್ದಾರೆ. ಉಕ್ಕಿನ ಕೊಳವೆಗಳ ಅಸ್ಥಿಪಂಜರ, ಅದರ ಮೇಲೆ ಬಟ್ಟೆಯ ಹೊದಿಕೆ. ಅವರ ಮಂಡಿ ಈಗ ಬಗ್ಗುವುದಿಲ್ಲ. ಬಾಲದ ಕಡೆಯ ಇಕ್ಕಟ್ಟಿನೊಳಗೆ ತೂರಿಕೊಳ್ಳಬಲ್ಲ ಮೈ ನನ್ನದು. ಹಾಗಾಗಿ ಎರಡು ಚಳಿಗಾಲದಿಂದ ಶನಿವಾರಗಳನ್ನು ಅಲ್ಲೇ ಕಳೆಯುತ್ತಿದ್ದೇನೆ.

ಈ ವರ್ಷದ ಕೆಲಸ ಕಂಟ್ರೋಲ್ ಕೇಬಲ್‌ಗಳದ್ದು. ಪೈಲಟ್ ಕೈಯಲ್ಲಿರುವ ಸ್ಟಿಕ್ಕಿನಿಂದ ಬಾಲದ ಎಲಿವೇಟರ್‌ವರೆಗೆ ಉಕ್ಕಿನ ಕೇಬಲ್ ಹೋಗುತ್ತದೆ. ದಪ್ಪ ಎಂಟನೇ ಒಂದು ಇಂಚು, ಅಂದರೆ ಮೂರು ಮಿಲಿಮೀಟರಿಗಿಂತ ತುಸು ಹೆಚ್ಚು. ಅದರೊಳಗೆ ಏಳು ಹುರಿ, ಒಂದೊಂದರಲ್ಲಿ 19 ತಂತಿ, ಒಟ್ಟು 133. ಮೂಗು ಮೇಲೇಳುವುದೂ ಕೆಳಗಿಳಿಯುವುದೂ ಇದರ ಮೇಲೆ ನಿಂತಿದೆ. ಉದ್ದದ ಕೇಬಲ್ ಅದುರಿ ಕೊಳವೆಗೆ ತಾಗಬಾರದೆಂದು ನಡುನಡುವೆ ತೂತಿರುವ ಪ್ಲಾಸ್ಟಿಕ್ ಬಿಲ್ಲೆಗಳನ್ನು ಕೂರಿಸುತ್ತಾರೆ. ಅವೇ ಗೈಡ್‌ಗಳು, ಅಥವಾ ಫೇರ್‌ಲೀಡ್‌ಗಳು.

ಗೈಡ್ ಕೇಬಲ್ಲನ್ನು ತಿರುಗಿಸಬಾರದು. ತಿರುವು ಬೇಕಾದಲ್ಲಿ ರಾಟೆ ಹಾಕಬೇಕು. ಗೈಡಿನಲ್ಲಿ ಕೇಬಲ್ ಮೂರು ಡಿಗ್ರಿಗಿಂತ ಹೆಚ್ಚು ಬಾಗಬಾರದು ಎನ್ನುವುದು ಅಮೆರಿಕದ ವಿಮಾನಯಾನ ಇಲಾಖೆಯ ಕೈಪಿಡಿಯ ಮಾತು. ಹೆಚ್ಚು ಬಾಗಿದರೆ ತಿಕ್ಕಾಟ, ತಿಕ್ಕಾಟದಿಂದ ಸವೆತ. ಸ್ಟಿಕ್ ಬಿಗಿಯಾದರೆ ಗಾಳಿಯ ಒತ್ತಡ ಪೈಲಟ್‌ನ ಕೈಗೆ ಸರಿಯಾಗಿ ತಿಳಿಯುವುದಿಲ್ಲ. ಇನ್ನೊಂದು ಅಪಾಯ ಇನ್ನೂ ದೊಡ್ಡದು: ಸ್ಟಿಕ್ಕನ್ನು ಪೂರ್ತಿ ಎಳೆದಾಗ ಕೇಬಲ್‌ನ ತುದಿಯ ಜೋಡಣೆ ಬಂದು ಗೈಡಿಗೆ ಸಿಕ್ಕಿಕೊಂಡರೆ ಆಕಾಶದಲ್ಲಿ ಅದನ್ನು ಬಿಡಿಸುವವರಿಲ್ಲ.

ಕೇಬಲ್ ಹಾಕುವ ಮುಂಚೆ ನಾವು ದಾರ ಎಳೆದೆವು. ಗಾರೆ ಕೆಲಸದವರು ಗೋಡೆಗೆ ಹಿಡಿಯುತ್ತಾರಲ್ಲ, ಹಾಗೆ. ದಾರ ಎಲ್ಲಿ ಹಾಯಿತೋ ಅಲ್ಲಿ ಗೈಡ್. ನಾಲ್ಕೂ ಸಲೀಸಾಗಿ ಕೂತವು. ಆಮೇಲೆ ಕೇಬಲ್ ಬಿಗಿದು ಮೇಷ್ಟ್ರು ಸ್ಟಿಕ್ ಹಿಡಿದರು, ನಾನು ಟಾರ್ಚ್ ಹಿಡಿದು ಒಳಗೆ ಮಲಗಿದೆ. ಸ್ಟಿಕ್ ನಡುವೆ ಇದ್ದಾಗ ಎಲ್ಲವೂ ಸರಿ. ಪೂರ್ತಿ ಮುಂದೆ ತಳ್ಳಿದಾಗ ಮಾತ್ರ ಬಾಲದ ಕಡೆಯ ಸನ್ನೆ ತಿರುಗಿ, ಕೇಬಲ್‌ನ ದಾರಿಯೇ ತುಸು ಬದಲಾಗಿ, ಕೊನೆಯ ಗೈಡಿನ ಅಂಚಿಗೆ ಒತ್ತುತ್ತಿತ್ತು. ಸಣ್ಣಗೆ ಕಿರ್ ಎಂದಿತು.

"ಎರಡೂವರೆ ಡಿಗ್ರಿ. ಪುಸ್ತಕ ಒಪ್ಪುತ್ತದೆ," ಅಂದರು ಮೇಷ್ಟ್ರು. ಮುಂದಿನ ಶನಿವಾರ ಬಟ್ಟೆ ಹೊದಿಸುವ ಕೆಲಸ ಶುರುಮಾಡಬೇಕೆಂದು ಅವರಿಗೆ ಆತುರ. ವಯಸ್ಸು ಎಪ್ಪತ್ತನಾಲ್ಕು, ಮುಂದಿನ ವರ್ಷದ ವೈದ್ಯಕೀಯ ತಪಾಸಣೆಯಲ್ಲಿ ಏನಾಗುತ್ತದೋ ಎಂಬ ಅಳುಕು. ನಾನು ಏನೂ ಹೇಳದೆ ಮನೆಗೆ ಬಂದೆ.

ಆ ರಾತ್ರಿ ಅಮ್ಮನಿಗೆ ಫೋನ್ ಮಾಡಿದಾಗ ಮಾತು ಅದರತ್ತಲೇ ಹೋಯಿತು.

"ಅಲ್ಲ ಕಣೋ, ಸರ್ಕಾರದೋರು ಬಂದು ನೋಡಲ್ವಾ?"

"ನೋಡ್ತಾರಮ್ಮ, ಎಲ್ಲ ಮುಗಿದ ಮೇಲೆ."

"ಬಟ್ಟೆ ಮುಚ್ಚಿದ ಮೇಲೆ ಏನ್ ಕಾಣುತ್ತೆ ಅವರಿಗೆ?"

ನಮ್ಮೂರ ಬಾವಿಕಟ್ಟೆಯ ಕಲ್ಲಿನಲ್ಲಿ ಹಗ್ಗ ಉಜ್ಜಿ ಬಿದ್ದ ಗೀರುಗಳಿವೆ. ಬೆರಳಿಟ್ಟರೆ ಬೆರಳೇ ಕೂರುತ್ತದೆ. ಅಷ್ಟು ಮೆತ್ತಗಿನ ಹಗ್ಗ ಅಷ್ಟು ಗಟ್ಟಿ ಕಲ್ಲನ್ನು ತಿಂದಿದೆ. ಅಮ್ಮ ವರ್ಷಗಟ್ಟಲೆ ನೀರು ಸೇದಿದ ಬಾವಿ ಅದು. ಕಲ್ಲಿನಷ್ಟೇ ಹಗ್ಗವೂ ಸವೆಯುತ್ತಿತ್ತು, ಆದರೆ ಹಗ್ಗ ಕಣ್ಣೆದುರಿಗಿತ್ತು. ನಾರು ಕಿತ್ತು ಬಂದಿದ್ದು ಅಂಗೈಗೆ ಚುಚ್ಚಿ ಗೊತ್ತಾಗುತ್ತಿತ್ತು. ನಮ್ಮ ಕೇಬಲ್ ಹಾಗೆ ಯಾರ ಅಂಗೈಗೂ ಸಿಗುವುದಿಲ್ಲ. ಗೈಡನ್ನು ಕೇಬಲ್ಲಿಗಿಂತ ಮೆತ್ತಗೆ ಮಾಡುವುದು ಸವೆತ ಗೈಡಿಗಿರಲಿ ಎಂದೇ. ಆದರೂ ಮೆತ್ತಗಿನ ಪ್ಲಾಸ್ಟಿಕ್ಕಿನಲ್ಲಿ ಮರಳಿನ ಕಣ ಕಚ್ಚಿಕೊಂಡರೆ ಅದೇ ಅರದಂತೆ ತಂತಿಯನ್ನು ಅರೆಯುತ್ತದೆ.

ಮರುದಿನ ಮೇಷ್ಟ್ರ ಬಳಿ ಹೋಗಿ ಅಮ್ಮನ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಹೇಳಿದೆ. "ಪುಸ್ತಕ ಒಪ್ಪುತ್ತದೆ, ನಿಜ. ಆದರೆ ಆ ಎರಡನೇ ಸೀಟಿನಲ್ಲಿ ಒಂದು ದಿನ ಕೂರುವವನು ನಾನು," ಅಂತಲೂ ಹೇಳಿದೆ. ಅವರು ಮುಖ ಗಂಟಿಕ್ಕಿಕೊಂಡರು. ನಾಲ್ಕು ದಿನ ಮಾತಿಲ್ಲ. ಒಂಬತ್ತು ವರ್ಷ ಕಾದವರಿಗೆ ಕಾಯಿರಿ ಎನ್ನಲು ನಾನ್ಯಾರು ಎಂದು ನನಗೂ ಅನ್ನಿಸಿತು.

ಗುರುವಾರ ಸಂಜೆ ಅವರ ಗ್ಯಾರೇಜಿನಲ್ಲಿ ಡ್ರಿಲ್ ಸದ್ದಾಯಿತು. ಹೋಗಿ ನೋಡಿದರೆ ಬಗ್ಗದ ಮಂಡಿಯನ್ನು ಒಂದು ಕಡೆ ಚಾಚಿ, ಸ್ಟೂಲಿನ ಮೇಲೆ ಕೂತು, ಹೊಸ ಬ್ರಾಕೆಟ್ ಒಂದಕ್ಕೆ ತೂತು ಕೊರೆಯುತ್ತಿದ್ದರು. "ಒಳಗೆ ನೀನೇ ಹೋಗಬೇಕು," ಅಂದರು. ಗೈಡನ್ನು ಅರ್ಧ ಇಂಚು ಕೆಳಗಿಳಿಸಿ, ತೂತನ್ನು ಉದ್ದಕ್ಕೆ ಹಿಗ್ಗಿಸಿದೆವು. ಸ್ಟಿಕ್ ಈ ತುದಿಯಿಂದ ಆ ತುದಿಗೆ ಹೋಗಿ ಬಂತು. ಒಳಗೆ ಮಲಗಿದ್ದ ನನಗೆ ಅವರ ಉಸಿರಾಟ ಮಾತ್ರ ಕೇಳಿಸಿತು.

ಬಟ್ಟೆ ಹೊದಿಸಿದ್ದು ಎರಡು ವಾರ ತಡವಾಗಿ. ಪಾಲಿಯೆಸ್ಟರ್ ಬಟ್ಟೆ, ಅಂಟಿಸಿದ ಮೇಲೆ ಬಿಸಿ ಇಸ್ತ್ರಿಪೆಟ್ಟಿಗೆ ಆಡಿಸಿದರೆ ಮುದುರಿ, ತಮಟೆಯಂತೆ ಬಿಗಿಯುತ್ತದೆ. ಕೊನೆಯ ಗೈಡ್ ಇರುವಲ್ಲಿ, ನಕ್ಷೆಯಲ್ಲಿ ಇರದಿದ್ದ ಒಂದು ದುಂಡು ಕಿಂಡಿಯನ್ನು ಮೇಷ್ಟ್ರು ತಾವಾಗಿಯೇ ಇರಿಸಿದರು. ವರ್ಷಕ್ಕೊಮ್ಮೆ ಅದರ ಮುಚ್ಚಳ ತೆಗೆದು, ಹಳೆಯ ಹತ್ತಿಬಟ್ಟೆಯ ತುಂಡನ್ನು ಕೇಬಲ್ಲಿಗೆ ಸುತ್ತಿ ಉದ್ದಕ್ಕೂ ಎಳೆಯಬೇಕು. 133ರಲ್ಲಿ ಒಂದು ತಂತಿ ಹರಿದಿದ್ದರೂ ಬಟ್ಟೆ ಅಲ್ಲಿ ಸಿಕ್ಕಿಕೊಳ್ಳುತ್ತದೆ.