ಅಬ್ಬಾನ ಟಿಕೆಟ್ ಪೆಟ್ಟಿಗೆ

ಕಳೆದ ತಿಂಗಳು ನಮ್ಮ ಕಾಲೇಜಿನ ವೃತ್ತಿ ಮಾರ್ಗದರ್ಶನ ಕಾರ್ಯಕ್ರಮದಲ್ಲಿ ಎಲ್ಲರಿಗೂ ಒಂದೊಂದು ಹಾಳೆ ಕೊಟ್ಟಿದ್ದರು. ಅದರ ಮೇಲೆ ‘ನನ್ನ ಜೀವನದ ಗುರಿ’ ಎಂದು ಬರೆದಿತ್ತು. ನಾನು ‘ಬ್ಯಾಂಕ್ ಅಧಿಕಾರಿ ಆಗುವುದು’ ಎಂದು ಬರೆದು ಎರಡೇ ನಿಮಿಷದಲ್ಲಿ ಕೊಟ್ಟುಬಿಟ್ಟೆ. ಬರೆದದ್ದು ಒಂದು ಹುದ್ದೆಯ ಹೆಸರು ಮಾತ್ರ ಎಂಬುದು ಗೊತ್ತಾಗಿದ್ದು ಅದೇ ವಾರ, ತಂಗಡಗಿಯ ನಮ್ಮ ಮನೆಯಲ್ಲಿ.

ಆ ಶನಿವಾರ ರಾತ್ರಿ ಆಪಾ ವಿಜಯಪುರದಿಂದ ಊರಿಗೆ ಬಂದಳು. ಬಿ.ಕಾಂ. ಮುಗಿಸಿ ಅಲ್ಲಿನ ಒಂದು ಖಾಸಗಿ ಕಚೇರಿಯಲ್ಲಿ ಮೂರು ವರ್ಷದಿಂದ ಲೆಕ್ಕ ಬರೆಯುತ್ತಾಳೆ. ಊಟಕ್ಕೆ ಕುಳಿತವಳು ರೊಟ್ಟಿ ಮುರಿಯಲೇ ಇಲ್ಲ. ಕಚೇರಿಗೆ ಹೊಸ ಸಾಫ್ಟ್‌ವೇರ್ ಬಂದಿದೆಯಂತೆ. ಬಿಲ್ಲಿನ ಫೋಟೋ ಹಾಕಿದರೆ ಸಾಕು, ಅವಳು ಅರ್ಧ ದಿನ ಕುಳಿತು ಮಾಡುತ್ತಿದ್ದ ಎಂಟ್ರಿ ತಾನೇ ಆಗುತ್ತದೆ. ಇಬ್ಬರನ್ನು ಆಗಲೇ ಮನೆಗೆ ಕಳಿಸಿದ್ದಾರೆ. “ಮುಂದಿನ ಸಲ ನನ್ನ ಹೆಸರೇ. ತೆಗೆಯೋಕಿಂತ ಮೊದಲು ನಾನೇ ಬಿಡ್ತೀನಿ” ಎಂದು ಅತ್ತಳು. ಅವಳ ಸಂಬಳದಲ್ಲೇ ನನ್ನ ಕಾಲೇಜಿನ ಫೀಸು ಹೋಗುತ್ತದೆ. ನನಗೂ ತುತ್ತು ಇಳಿಯಲಿಲ್ಲ.

ಅಬ್ಬಾ ಮಾತಾಡಲಿಲ್ಲ. ಎದ್ದು ಹೋಗಿ ಅಟ್ಟದಿಂದ ಹಳೆಯ ಟಿಕೆಟ್ ಪೆಟ್ಟಿಗೆ ಇಳಿಸಿ ತಂದರು. ನಮ್ಮ ಅಬ್ಬಾ ಬಸ್ ಕಂಡಕ್ಟರ್. ಬಣ್ಣಬಣ್ಣದ ಚೀಟಿಗಳ ಕಟ್ಟು, ತೂತು ಹೊಡೆಯುವ ಪಂಚ್, ವೇ ಬಿಲ್ ಇವೇ ಆಗ ಅವರ ಸಾಮಾನು. ಚಿಲ್ಲರೆ ಇಲ್ಲದಿದ್ದರೆ ಚೀಟಿಯ ಹಿಂದೆ ಬರೆದುಕೊಡುತ್ತಿದ್ದರು. ಯಾವ ಸ್ಟೇಜಿಗೆ ಎಷ್ಟು ದರ ಎಂಬುದು ಅವರಿಗೆ ಬಾಯಿಪಾಠ.

ನಂತರ ಟಿಕೆಟ್ ಮಷೀನ್ ಬಂತು. ಮುಂದಿನದನ್ನು ಅಬ್ಬಾ ಅವತ್ತು ಮೊದಲ ಸಲ ನಮ್ಮ ಮುಂದೆ ಹೇಳಿದರು. ಮನೆಯಲ್ಲಿ ನಮ್ಮದು ದಖನಿ ಮಾತು, ಇಲ್ಲಿ ನಮ್ಮೂರ ಕನ್ನಡದಲ್ಲಿ ಬರೆಯುತ್ತೇನೆ.

“ಮೊದಲನೇ ವಾರ ಬೆರಳು ನಡಗ್ತಿದ್ದುವು. ಒಂದು ಒತ್ತಿದ್ರ ಇನ್ನೊಂದು ಸ್ಟೇಜ್ ಬರ್ತಿತ್ತು. ಹಿಂದ ನಿಂತ ಹುಡುಗೂರು ನಗ್ತಿದ್ರು. ಲೆಕ್ಕ ತಪ್ಪಿದ್ದಕ್ಕ ಎರಡು ಸಲ ಕಿಸೆದಿಂದ ರೊಕ್ಕ ಕಟ್ಟೀನಿ. ಬಾಯಿಪಾಠ ಮಾಡಿದ್ದೆಲ್ಲ ನೀರಾಗ ಹೋತು ಅನಿಸ್ತು. ನೌಕರಿ ಬಿಟ್ಟು ಹೊಲಕ್ಕ ಕೂಲಿ ಹೋಗ್ಬೇಕಂತ ಮಾಡಿದ್ದೆ.”

“ಮತ್ಯಾಕ ಬಿಡಲಿಲ್ಲ?” ಎಂದು ಆಪಾ ಕೇಳಿದಳು.

“ಒಂದಿನ ರಾತ್ರಿ ಕೊನೇ ಬಸ್ಸಿನ್ಯಾಗ ಒಬ್ಬಾಕಿ ಬಾಣಂತಿ ಕೂಸು ಎತ್ಕೊಂಡು ಇಳಿದ್ಳು. ಕರಕೊಂಡು ಹೋಗೋರು ಇನ್ನೂ ಬಂದಿರಲಿಲ್ಲ. ಡ್ರೈವರಗ ಹೇಳಿ ಅವರು ಬರೂತನ ಬಸ್ ನಿಲ್ಲಿಸಿದೆ. ಅವಾಗ ತಿಳೀತು, ನನ್ನ ಕೆಲಸ ಚೀಟಿ ಹರಿಯೂದಲ್ಲ, ಮಂದಿನ ಮನಿ ಮುಟ್ಟಿಸೂದು. ಅದನ್ನ ಮಷೀನ್ ಕಸಗೊಂಡಿಲ್ಲ. ಮರುದಿನ ನನಗಿಂತ ಹದಿನೈದು ವರ್ಷ ಸಣ್ಣ ಹುಡುಗನ್ನ ಕೇಳಿ ಮಷೀನ್ ಕಲ್ತೆ. ನಾಚಿಕೆ ಆತು, ಆದ್ರ ಕಲ್ತೆ.”

ಆಮೇಲೆ ನಾನು ಲೆಕ್ಕ ಹಾಕಿದೆ. ಅಬ್ಬಾ ಸೇರಿದಾಗ ಬಸ್ಸಿನ ಮೇಲೆ ಕೆಎಸ್‌ಆರ್‌ಟಿಸಿ ಎಂದಿತ್ತು. 2000ದಲ್ಲಿ ಅದು ಈಶಾನ್ಯ ಕರ್ನಾಟಕ ಸಾರಿಗೆ ಆಯಿತು. 2021ರಲ್ಲಿ ಕಲ್ಯಾಣ ಕರ್ನಾಟಕ ಆಯಿತು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದಾಗ ಕೆಲಸದ ರೀತಿಯೇ ಬದಲಾಯಿತು. ನೂಕುನುಗ್ಗಲು, ಪ್ರತಿಯೊಬ್ಬರ ಗುರುತಿನ ಚೀಟಿ ನೋಡಬೇಕು, ಹಣವಿಲ್ಲದಿದ್ದರೂ ಶೂನ್ಯ ದರದ ಟಿಕೆಟ್ ಕೊಡಲೇಬೇಕು. “ರೊಕ್ಕನ ಇಲ್ಲಂದ್ರ ಚೀಟಿ ಯಾಕೋ ಯಪ್ಪಾ?” ಎಂದು ಜಗಳ ತೆಗೆಯುವ ಅಜ್ಜಿಯಂದಿರಿಗೆ ಅಬ್ಬಾ ಇಂದಿಗೂ ನಗುತ್ತಲೇ ಉತ್ತರ ಕೊಡುತ್ತಾರೆ. ಹೆಸರು, ಯಂತ್ರ, ನಿಯಮ ಎಲ್ಲ ಬದಲಾದರೂ ಅವರ ನಿಯ್ಯತ್ ಅದೇ ಇದೆ.

ಭಾನುವಾರ ಆಪಾ ನನ್ನ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಒಂದು ಸಾಲು ಬರೆದಳು: ‘ನಮ್ಮ ಕಚೇರಿಯ ಲೆಕ್ಕ ಸರಿ ಇರುವಂತೆ ನೋಡಿಕೊಳ್ಳುವುದು ನನ್ನ ಕೆಲಸ.’ ಎಂಟ್ರಿ ಮಾಡುವ ಮಾತು ಅದರಲ್ಲಿ ಇರಲಿಲ್ಲ. ಸೋಮವಾರ ರಾಜೀನಾಮೆ ಕೊಡದೆ ಅದೇ ಸಾಫ್ಟ್‌ವೇರ್ ಕಲಿಯಲು ಕುಳಿತಳು. ಫೋಟೋದಲ್ಲಿ 1 ಇದ್ದದ್ದನ್ನು ಅದು 7 ಎಂದು ಓದಿದ ಬಿಲ್ಲುಗಳನ್ನು ಹುಡುಕಿ ತೆಗೆದಿದ್ದಾಳೆ. ಜಿಎಸ್‌ಟಿ ರಿಟರ್ನ್ ತುಂಬುವುದನ್ನೂ ಸಂಜೆ ಹೊತ್ತು ಕಲಿಯುತ್ತಿದ್ದಾಳೆ. ಅವಳ ನೌಕರಿ ಉಳಿಯುತ್ತದೆ ಎಂದು ಯಾರೂ ಮಾತು ಕೊಟ್ಟಿಲ್ಲ. ಆದರೆ ಇಲ್ಲಿ ಹೋದರೂ ಇನ್ನೊಂದು ಕಡೆ ಬೇಕಾಗುವ ಕೆಲಸ ಅವಳ ಕೈಯಲ್ಲಿದೆ. ಈಗ ಫೋನ್ ಮಾಡಿದಾಗ ಅವಳ ದನಿ ಗಟ್ಟಿಯಾಗಿದೆ.

ನಾನು ಉಪನ್ಯಾಸಕರನ್ನು ಕೇಳಿ ನನ್ನ ಹಾಳೆಯನ್ನು ವಾಪಸ್ ತೆಗೆದುಕೊಂಡೆ. ಬ್ಯಾಂಕಿನಲ್ಲೂ ಕೆಲಸ ದಿನದಿನಕ್ಕೆ ಬದಲಾಗುತ್ತಿದೆ. ನಮ್ಮೂರಲ್ಲಿ ಬ್ಯಾಂಕಿನ ಅರ್ಜಿ ತುಂಬಲು ಬಾರದೆ ಯಾರ್ಯಾರನ್ನೋ ಕಾಡಿಬೇಡುವ ಹಿರಿಯರನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಅದಕ್ಕೆ ಹಳೆಯ ಸಾಲು ಹೊಡೆದುಹಾಕಿ ಹೀಗೆ ಬರೆದೆ: ‘ಹಣದ ವ್ಯವಹಾರ ತಿಳಿಯದವರು ಮೋಸ ಹೋಗದಂತೆ ಅವರ ಜೊತೆ ನಿಲ್ಲುವುದು.’ ಬ್ಯಾಂಕಿನಲ್ಲಿದ್ದರೂ ಇದನ್ನು ಮಾಡಬಹುದು, ಊರ ಕಟ್ಟೆಯ ಮೇಲೆ ಕುಳಿತೂ ಮಾಡಬಹುದು.

ಗೆಳೆಯ ಗೆಳತಿಯರೇ, ನಿಮ್ಮ ಹಾಳೆಯನ್ನೂ ಒಮ್ಮೆ ತೆಗೆದು ನೋಡಿ. ಅದರಲ್ಲಿ ಬರೆದ ಹುದ್ದೆಯೇ ನಾಳೆ ಇಲ್ಲವಾದರೆ, ನಿಮ್ಮ ಗುರಿಯಲ್ಲಿ ಏನು ಉಳಿಯುತ್ತದೆ? ಉಳಿಯುವುದನ್ನು ಬರೆಯಿರಿ. ಅದಕ್ಕೆ ಬೇಕಾದದ್ದನ್ನು ಕಲಿಯಲು, ನಿಮಗಿಂತ ಚಿಕ್ಕವರನ್ನು ಕೇಳಬೇಕಾಗಿ ಬಂದರೂ, ನಾಚಬೇಡಿ.