ಯಾಪಲದಿನ್ನಿಯ ಡಯಲ್ ಟೋನು

1
ಅಂಗೈಯಲ್ಲಿ ಹಿಡಿಯುವ ಡಬ್ಬಿ. ಒಂದು ತೂತು ಇಂಟರ್‌ನೆಟ್ ಕೇಬಲ್ಲಿಗೆ, ಒಂದು ಹಳೆಯ ಫೋನಿನ ವೈರಿಗೆ, ಒಂದು ಕರೆಂಟಿಗೆ. ಪರದೆ ಇಲ್ಲ. ಮೂರು ನಾಲ್ಕು ಸಣ್ಣ ದೀಪ. ಇದನ್ನು ರೂಟರಿಗೆ ಸಿಕ್ಕಿಸಿದರೆ ಹಳೆಯ ಫೋನು ಇಂಟರ್‌ನೆಟ್ ಮೇಲೆ ಮಾತಾಡುತ್ತದೆ.

2
ರಾಯಚೂರು, ತೀನ್ ಕಂದೀಲ್ ಹತ್ತಿರದ ಅಂಗಡಿ. "ಇಂಟರ್‌ನೆಟ್ ಫೋನಿಗೆ ಹಾಕೋ ಅಡಾಪ್ಟರ್ ಅದ ಏನ್ರಿ?" ಅಂಗಡಿಯವ ಮೊದಲು ತಂದದ್ದು ಲ್ಯಾಪ್‌ಟಾಪ್ ಚಾರ್ಜರ್. ಆಮೇಲೆ ವೈಫೈ ಕಡ್ಡಿ. ಆಮೇಲೆ ಸಿಮ್ ಹಾಕುವ ಲ್ಯಾಂಡ್‌ಲೈನ್. "ಇದು ಒಯ್ರಿ ಸರ್. ವೈರ್ ಬ್ಯಾಡ, ಏನ್ ಬ್ಯಾಡ." ಮತ್ತೆ ಕೇಳಿದಾಗ ಬೆಂಗಳೂರಿನ ಎಸ್.ಪಿ. ರಸ್ತೆಯ ಹೆಸರು ಹೇಳಿ ಬೇರೆ ಗಿರಾಕಿಯ ಕಡೆ ತಿರುಗಿದ.

3
ಡಬ್ಬಿ ಬೇಕಾಗಿದ್ದು ಯಾಪಲದಿನ್ನಿಯ ಒಬ್ಬ ಮುತ್ಯಾನಿಗೆ. ರಾಯಚೂರು ತಾಲ್ಲೂಕಿನ ಊರು. ತೆಲಂಗಾಣದ ಗಡಿ ದೂರವಿಲ್ಲ. ಮನೆಯಲ್ಲಿ ಎಲ್ಲರಿಗೂ ಮೊಬೈಲ್ ಇದೆ. ಮುತ್ಯಾನಿಗೂ ಇದೆ. ಅವರು ಅದನ್ನು ಆಫ್ ಮಾಡಿ ಜೇಬಿನಲ್ಲಿ ಇಟ್ಟಿರುತ್ತಾರೆ, ಚಾರ್ಜ್ ಉಳಿಯಲಿ ಎಂದು.

4
ತಾಮ್ರದ ಲೈನು ಸತ್ತದ್ದು ಯಾವಾಗ ಎಂದು ಕೇಳಿದರೆ ಮನೆಯ ಒಬ್ಬೊಬ್ಬರು ಒಂದೊಂದು ವರ್ಷ ಹೇಳುತ್ತಾರೆ. ಫೋನನ್ನು ಮಾತ್ರ ಯಾರೂ ತೆಗೆದಿಲ್ಲ. ಗೋಡೆಯ ಗೂಡಿನಲ್ಲಿದೆ, ಮೇಲೊಂದು ಕಸೂತಿ ಬಟ್ಟೆ. ದಿನಾ ಒರೆಸುತ್ತಾರೆ.

5
ಹಳೆಯ ಎಕ್ಸ್‌ಚೇಂಜು ಮನೆಯ ಫೋನಿಗೆ ಏನೇನು ಕೊಡುತ್ತಿತ್ತು ಎಂದು ಬರೆದುಕೊಂಡೆ. 48 ವೋಲ್ಟಿನ ಕರೆಂಟು. ರಿಸೀವರ್ ಎತ್ತಿದಾಗ ಟೋನು. ಕರೆ ಬಂದಾಗ ಗಂಟೆ ಬಾರಿಸಲು ಬೇರೆ ಕರೆಂಟು, ಸುಮಾರು 75 ವೋಲ್ಟ್, ಸೆಕೆಂಡಿಗೆ 20–25 ಸಲ ಅತ್ತಿತ್ತ ತೂಗುವಂಥದ್ದು. ಒತ್ತಿದ ನಂಬರನ್ನು ಗುರುತಿಸುವ ಕೆಲಸ. ಈಗ ಇದಿಷ್ಟನ್ನೂ ಡಬ್ಬಿ ಮಾಡಬೇಕು. ಅದಕ್ಕೆ ಸಿಗುವುದು ಮೊಬೈಲ್ ಚಾರ್ಜರಿನಂಥ 5 ವೋಲ್ಟ್. ಗೂಡಿನ ಫೋನಿಗೆ ಎಕ್ಸ್‌ಚೇಂಜು ಬದಲಾದದ್ದು ಗೊತ್ತಾಗಬಾರದು.

6
ಸರ್ಕಾರದ ದೂರಸಂಪರ್ಕ ಸಂಸ್ಥೆ ಸಿ-ಡಾಟ್ ಮಾಡಿದ ಗ್ರಾಮೀಣ ಎಕ್ಸ್‌ಚೇಂಜು ಮೊದಲು ಕೆಲಸಕ್ಕೆ ನಿಂತದ್ದು ಕರ್ನಾಟಕದಲ್ಲೇ. ಕಿತ್ತೂರು, 1986. ಸಾಮರ್ಥ್ಯ 128 ಲೈನು. ಏಸಿ ಇಲ್ಲದ ಕೋಣೆಯಲ್ಲಿ ಓಡಬೇಕು ಎಂದೇ ಅದನ್ನು ಮಾಡಿದ್ದು.

7
ಕೊನೆಗೆ ಸಿಕ್ಕ ಡಬ್ಬಿಯ ಕಾಗದದಲ್ಲಿ ಸಣ್ಣ ಅಕ್ಷರ: ಕೆಲಸ ಮಾಡುವ ಉಷ್ಣತೆ 0ಯಿಂದ 40 ಡಿಗ್ರಿ. ರಾಯಚೂರಿನ ಮೇ ತಿಂಗಳು ಅದನ್ನು ಓದಿಲ್ಲ.

8
ಡಬ್ಬಿಯ ಟೋನು ಕೇಳಿ ಮುತ್ಯಾ ರಿಸೀವರ್ ಕೆಳಗಿಟ್ಟರು. "ಇದು ನಮ್ಮದಲ್ಲ." ಮತ್ತೆ ಎತ್ತಿ ಕೇಳಿದರು. "ಅಲ್ಲ."

ಅವರು ಹೇಳಿದ್ದು ಖರೆ. ಭಾರತದ ಡಯಲ್ ಟೋನು 400 ಹರ್ಟ್ಸಿನ ಒಂದು ಸ್ವರ, 25 ಹರ್ಟ್ಸಿನಲ್ಲಿ ನಡುಗುತ್ತದೆ. ಅಮೆರಿಕದ್ದು 350 ಮತ್ತು 440 ಹರ್ಟ್ಸಿನ ಎರಡು ಸ್ವರ ಒಟ್ಟಿಗೆ. ಡಬ್ಬಿ ಪೆಟ್ಟಿಗೆಯಿಂದ ಹೊರಬರುವಾಗ ಅಮೆರಿಕದ ಟೋನಿನಲ್ಲಿ ಇರುತ್ತದೆ. ಸೆಟ್ಟಿಂಗಿನ ಪುಟಕ್ಕೆ ಹೋಗಿ ಅಂಕಿ ಬದಲಿಸಿದರೆ ದೇಶ ಬದಲಾಗುತ್ತದೆ. ಎಂಗೇಜ್ ಟೋನಿಗೂ ಹಾಗೇ: ಮುಕ್ಕಾಲು ಸೆಕೆಂಡು ಸದ್ದು, ಮುಕ್ಕಾಲು ಸೆಕೆಂಡು ಮೌನ. ಇದನ್ನು ಬದಲಿಸದಿದ್ದರೂ ಫೋನು ನಡೆಯುತ್ತದೆ. ಮುತ್ಯಾನಂಥವರಿಗೆ ನಡೆಯುವುದಿಲ್ಲ.

9
ಕೊಳ್ಳುವವರು ಎಡವುವುದು ಒಂದೇ ಜಾಗದಲ್ಲಿ. ಫೋನಿನ ತೂತಿನಲ್ಲಿ ಎರಡು ಜಾತಿ. ಎಫ್‌ಎಕ್ಸ್‌ಎಸ್ ಎಂದು ಬರೆದಿದ್ದರೆ ಅಲ್ಲಿ ಫೋನು ಸಿಕ್ಕಿಸಬೇಕು. ಟೋನು, ಗಂಟೆ ಎಲ್ಲ ಅದು ಕೊಡುತ್ತದೆ. ಎಫ್‌ಎಕ್ಸ್‌ಒ ಎಂದಿದ್ದರೆ ಅದು ತಾನೇ ಫೋನಿನಂತೆ ಇರುತ್ತದೆ. ಅಲ್ಲಿಗೆ ಹೊರಗಿನ ಲೈನು ಬರಬೇಕು. ಎರಡೂ ತೂತಿನ ಆಕಾರ ಒಂದೇ. ಪಿನ್ನು ಎರಡಕ್ಕೂ ಹೋಗುತ್ತದೆ, ಟಕ್ ಎಂದು ಕೂಡುತ್ತದೆ. ಗ್ರ್ಯಾಂಡ್‌ಸ್ಟ್ರೀಮ್ ಕಂಪನಿಯ ಎಚ್‌ಟಿ801ರಲ್ಲಿ ಎಫ್‌ಎಕ್ಸ್‌ಎಸ್ ಒಂದು, 802ರಲ್ಲಿ ಎರಡು. 813ರಲ್ಲಿ ಎರಡು ಜಾತಿಯೂ ಒಂದೊಂದು. ಮನೆಯಲ್ಲಿ ಒಂದೇ ಫೋನಿದ್ದು ಹೊರಗಿನ ಲೈನು ಸತ್ತಿದ್ದರೆ ಮೊದಲನೆಯದು ಸಾಕು. ಅಂಗಡಿಯಲ್ಲಿ ಮೂರನೆಯದನ್ನು ಹೊಗಳುತ್ತಾರೆ.

10
ಮಾನ್ವಿಯ ಒಂದು ಮನೆ. ಅಟ್ಟದ ಟ್ರಂಕಿನಲ್ಲಿ ಅಮೆರಿಕದಿಂದ ಬಂದ ಡಬ್ಬಿ. ಮಗಳು ಕಳಿಸಿದ್ದು. ಆಕೆ ಅಲ್ಲಿಂದ ಅಲ್ಲಿಯದೇ ಲೋಕಲ್ ನಂಬರ್ ಒತ್ತಿದರೆ ಮಾನ್ವಿಯಲ್ಲಿ ಗಂಟೆ ಬಾರಿಸುತ್ತಿತ್ತು. ಆಗ ಆ ದೇಶದ ಕನ್ನಡ ಮನೆಗಳಲ್ಲಿ ವೊನೇಜ್ ಎಂಬ ಹೆಸರು ಕೇಳದವರು ಕಡಿಮೆ. 2009ರಲ್ಲಿ ಆ ಕಂಪನಿ ತಿಂಗಳ ಒಂದೇ ದರಕ್ಕೆ 60ಕ್ಕೂ ಹೆಚ್ಚು ದೇಶಗಳಿಗೆ ಕರೆ ಕೊಟ್ಟಿತು, ಭಾರತವೂ ಸೇರಿ. ಆಮೇಲೆ ಮಗಳು ಡಬ್ಬಿ ಕಳಿಸುವುದನ್ನು ಬಿಟ್ಟು ಅಲ್ಲಿಂದಲೇ ಮಾಡತೊಡಗಿದಳು. ಆಮೇಲೆ ವಾಟ್ಸಾಪ್ ಬಂತು.

11
ಟ್ರಂಕಿನ ಡಬ್ಬಿ ಯಾಪಲದಿನ್ನಿಗೆ ಆಗುತ್ತದೆಯೇ? ದೀಪ ಹತ್ತುತ್ತದೆ. ಕೆಲಸ ಮಾಡುವುದಿಲ್ಲ. ಕಂಪನಿ ಕೊಟ್ಟ ಡಬ್ಬಿಗೆ ಕಂಪನಿಯ ಬೀಗ; ಬೇರೆಯವರ ಸೇವೆಗೆ ಅದು ತೆರೆಯದು. ಹಳೆಯದು ಕೊಳ್ಳುವವರು ಕೇಳಬೇಕಾದ ಮೊದಲ ಮಾತು ಬೆಲೆಯಲ್ಲ, ಬೀಗ ಇದೆಯೇ ಎಂಬುದು. ಕಂಪನಿ ಉಳಿದಿದೆಯೇ ಎಂಬುದು ಎರಡನೆಯದು. ಹೆಸರುವಾಸಿಯಾಗಿದ್ದ ಓಬಿ ಡಬ್ಬಿಗಳ ಓಬಿಹೈ ಕಂಪನಿ 2018ರಲ್ಲಿ ಪಾಲಿಕಾಮ್ ಪಾಲಾಯಿತು.

12
ಕಾನೂನಿನ ಪುಟ.
2002ರ ಏಪ್ರಿಲ್: ಭಾರತದಲ್ಲಿ ಇಂಟರ್‌ನೆಟ್ ಫೋನಿಗೆ ಅನುಮತಿ. ಕಂಪ್ಯೂಟರಿನಿಂದ ವಿದೇಶದ ಫೋನಿಗೆ ಕರೆ ಹೋಗಬಹುದು. ದೇಶದೊಳಗಿನ ಫೋನಿಗೆ ಹೋಗಬಾರದು.
2018: ಪರವಾನಗಿ ಇರುವ ಕಂಪನಿಗಳಿಗೆ ಅದೂ ಆಯಿತು. ಅದೇ ವರ್ಷದ ಜುಲೈಯಲ್ಲಿ ಬಿಎಸ್‌ಎನ್‌ಎಲ್ 'ವಿಂಗ್ಸ್' ಎಂಬ ಇಂಟರ್‌ನೆಟ್ ಫೋನ್ ಸೇವೆ ತಂದಿತು. ಆರಂಭದ ದರ ವರ್ಷಕ್ಕೆ 1,099 ರೂಪಾಯಿ.
2021ರ ಜೂನ್: ಬೆಂಗಳೂರಿನಲ್ಲಿ ಪೊಲೀಸರು ಮತ್ತು ಮಿಲಿಟರಿ ಗುಪ್ತಚರರು 32 ಸಿಮ್ ಬಾಕ್ಸ್ ಹಿಡಿದರು. ವಿದೇಶದಿಂದ ಇಂಟರ್‌ನೆಟ್ಟಿನಲ್ಲಿ ಬಂದ ಕರೆಯನ್ನು ಲೋಕಲ್ ಕರೆಯಾಗಿ ತಿರುಗಿಸುವ ಯಂತ್ರ ಅದು.

ಕೆಲಸ ನೋಡಿದರೆ ಅವೂ ಡಬ್ಬಿಯ ಬಳಗವೇ.

13
ಯಾಪಲದಿನ್ನಿಯಲ್ಲಿ ಫೈಬರ್ ಎಳೆಯಲು ಬಂದ ಹುಡುಗ ಎಲ್ಲ ಕೇಳಿಸಿಕೊಂಡು ನಕ್ಕ. ತನ್ನ ಬಿಳಿ ಪೆಟ್ಟಿಗೆಯನ್ನು ಹಿಂದೆ ಮುಂದೆ ತಿರುಗಿಸಿ ತೋರಿಸಿದ. "ಪಿನ್ನು ಇದರಾಗೇ ಅದ್ರಿ ಸರ್."

ಇತ್ತು. ಅದೇ ಚಿಕ್ಕ ತೂತು. ಮೇಲೆ ಫೋನಿನ ಚಿತ್ರ. ಅಡಾಪ್ಟರ್ ಒಳಗೇ ಕೂತಿದೆ. 2019ರಿಂದೀಚೆಗೆ ಬಿಎಸ್‌ಎನ್‌ಎಲ್ ಭಾರತ್ ಫೈಬರ್, ಜಿಯೋ ಫೈಬರ್ ಎರಡೂ ಇಂಟರ್‌ನೆಟ್ ಜೊತೆಗೆ ಫೋನ್ ಕರೆಯನ್ನೂ ಇದೇ ದಾರಿಯಲ್ಲಿ ಕೊಡುತ್ತಿವೆ. ಎಷ್ಟೋ ಮನೆಗಳಲ್ಲಿ ಆ ತೂತಿನ ಮೇಲಿನ ಪ್ಲಾಸ್ಟಿಕ್ ಮುಚ್ಚಳ ಇನ್ನೂ ತೆಗೆದಿಲ್ಲ.

14
ಹಾಗಾದರೆ ಬೇರೆ ಅಡಾಪ್ಟರ್ ಯಾರಿಗೆ? ಬರೆದುಕೊಂಡದ್ದು: ಪೆಟ್ಟಿಗೆಯಲ್ಲಿ ಫೋನಿನ ತೂತು ಇಲ್ಲದವರಿಗೆ. ವಿದೇಶದ ನಂಬರ್ ಬೇಕಾದವರಿಗೆ. ಇಂಟರ್‌ನೆಟ್ ಒಬ್ಬರದು, ಫೋನು ಇನ್ನೊಬ್ಬರದು ಇರುವವರಿಗೆ. ಅದಕ್ಕೂ ಫೋನ್ ಕೊಡುವ ಕಂಪನಿ ಮೂರು ಸಂಗತಿ ಹೇಳಬೇಕು: ಸರ್ವರಿನ ಹೆಸರು, ಬಳಕೆದಾರನ ಹೆಸರು, ಪಾಸ್‌ವರ್ಡು. ಮೊದಲ ಎರಡನ್ನು ಹೇಳಿ ಮೂರನೆಯದನ್ನು ಹೇಳದ ಕಂಪನಿಗಳಿವೆ. ಡಬ್ಬಿಗೆ ದುಡ್ಡು ಕೊಡುವ ಮೊದಲು ಇದನ್ನು ಕೇಳಬೇಕು. ಕೇಳುವವರು ಕಡಿಮೆ.

15
ಮೊಬೈಲ್ ನಂಬರನ್ನು ಒಂದು ಕಂಪನಿಯಿಂದ ಇನ್ನೊಂದಕ್ಕೆ ಒಯ್ಯಬಹುದು, ದೇಶದಾದ್ಯಂತ 2011ರಿಂದ. ಲ್ಯಾಂಡ್‌ಲೈನ್ ನಂಬರಿಗೆ ಆ ಸೌಲಭ್ಯ ಇಲ್ಲ. ಮುತ್ಯಾನಿಗೆ ಹೊಸ ಕಂಪನಿಯಿಂದ ಬಂದದ್ದು ಅದೇ 08532. ಉಳಿದ ಆರು ಅಂಕಿ ಬೇರೆ.

"ಮುಂದಿಂದು ನಮ್ಮದು, ಹಿಂದಿಂದು ಯಾರದೋ" ಎಂದರು.

16
ಫೋನಿನ ಹೊಟ್ಟೆಯಡಿ ಉಗುರಿನಿಂದ ಸರಿಸುವ ಒಂದು ಸ್ವಿಚ್ಚು. ಒಂದು ಕಡೆ ಟಿ, ಒಂದು ಕಡೆ ಪಿ. ಟೋನ್, ಪಲ್ಸ್. ಹಳೆಯ ಎಕ್ಸ್‌ಚೇಂಜಿನ ಕಾಲಕ್ಕೆ ಪಿ ಮೇಲೆ ಬಿಟ್ಟಿದ್ದರೆ ಈಗಲೂ ಅಲ್ಲೇ ಇದೆ. ಎಷ್ಟೋ ಡಬ್ಬಿಗಳಿಗೆ ಪಲ್ಸ್ ತಿಳಿಯುವುದಿಲ್ಲ. ಟೋನು ಕೇಳುತ್ತದೆ, ನಂಬರ್ ಹೋಗುವುದಿಲ್ಲ.

17
ಮೊಮ್ಮಗನ ಆಸೆ ಬೇರೆ. ಗುಜರಿಯಿಂದ ಬೆರಳಲ್ಲಿ ತಿರುಗಿಸುವ ಕರಿಯ ಫೋನು ತಂದಿದ್ದಾನೆ. ಬೆಂಗಳೂರಿನ ದೂರವಾಣಿನಗರದಲ್ಲಿ ಐಟಿಐ ಕಾರ್ಖಾನೆ 1948ರಲ್ಲಿ ಶುರುವಾಯಿತು. ದೇಶದ ಮನೆಗಳಿಗೆ ಇಂಥ ಫೋನು ಅಲ್ಲಿಂದ ಹೋಯಿತು. ತೂಕ ಇದೆ. ಒಳಗೆ ಎರಡು ಹಿತ್ತಾಳೆ ಬಟ್ಟಲು, ನಡುವೆ ಸುತ್ತಿಗೆ. ಪಲ್ಸ್ ತಿಳಿಯುವ ಡಬ್ಬಿ ಹುಡುಕಿದರೆ ಇದೂ ನಡೆದೀತು. ಗಂಟೆಯ ಕರೆಂಟು ಸಾಲದ ಡಬ್ಬಿಯಾದರೆ ಸುತ್ತಿಗೆ ಬಟ್ಟಲಿಗೆ ತಾಗದೆ ಒಳಗೇ ಗುರ್ ಎನ್ನುತ್ತದೆ.

18
2021ರ ಜನವರಿ 15ರಿಂದ ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಮಾಡುವಾಗ ಮೊದಲು 0 ಒತ್ತಬೇಕು. ಕರಿಯ ಫೋನಿನಲ್ಲಿ 0 ಎಲ್ಲಕ್ಕಿಂತ ದೂರ. ಬೆರಳು ಪೂರಾ ಸುತ್ತು ಹೋಗಬೇಕು. ಹತ್ತು ಬಡಿತ, ಒಂದು ಸೆಕೆಂಡು. 9ಕ್ಕೆ ಒಂಬತ್ತು. ಭಾರತದ ಮೊಬೈಲ್ ನಂಬರುಗಳು 6, 7, 8, 9ರಿಂದ ಶುರುವಾಗುತ್ತವೆ.

19
ನಂಬರ್ ಒತ್ತಿ ಮುಗಿದ ಮೇಲೆ ಡಬ್ಬಿ ಸುಮ್ಮನೆ ಇರುತ್ತದೆ. ಇನ್ನೊಂದು ಅಂಕಿ ಬರಬಹುದೆಂದು ಕೆಲವು ಸೆಕೆಂಡು ಕಾಯುತ್ತದೆ. ಮನೆಯವರು ಕೆಟ್ಟಿದೆ ಎಂದು ಇಟ್ಟುಬಿಡುತ್ತಾರೆ. ಕೊನೆಗೆ ಹ್ಯಾಶ್ ಒತ್ತಿದರೆ ಕಾಯುವುದಿಲ್ಲ. ಗೂಡಿನ ಪಕ್ಕದ ಗೋಡೆಯ ಮೇಲೆ ಸೀಸದಕಡ್ಡಿಯಿಂದ # ಬರೆದಿದೆ. ನೋಡಿದವರು ಮನೆಯಲ್ಲಿ ಯಾರು ಬರೆದದ್ದು, ಯಾವ ದೇವರದ್ದು ಎಂದು ಕೇಳುತ್ತಾರೆ.

20
ಮಾತು ಹೋಗುವ ಬಗೆ. ದನಿಯನ್ನು ಸೆಕೆಂಡಿಗೆ 8,000 ಸಲ ಅಳೆಯುತ್ತಾರೆ. ಅಳತೆಗಳನ್ನು 160ರಂತೆ ಕಟ್ಟುತ್ತಾರೆ. ಸೆಕೆಂಡಿಗೆ 50 ಪೊಟ್ಟಣ. ಪ್ರತಿ ಪೊಟ್ಟಣಕ್ಕೂ ಪೂರಾ ವಿಳಾಸ. ಮುತ್ಯಾ "ಹಲೋ" ಎಂದು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ನೂರು ಹೋಗಿರುತ್ತವೆ. ಅವರು ಸುಮ್ಮನಿದ್ದಾಗಲೂ ಸಾಮಾನ್ಯವಾಗಿ ಅಷ್ಟೇ ಹೋಗುತ್ತವೆ.

ಎಲ್ಲ ಸೇರಿ ಒಂದು ಕಡೆಗೆ ಸೆಕೆಂಡಿಗೆ 80 ಕಿಲೋಬಿಟ್. ಮೊಮ್ಮಗ ನೋಡುವ ವಿಡಿಯೋದ ಮುಂದೆ ಇದು ಲೆಕ್ಕಕ್ಕಿಲ್ಲ. ಆದರೂ ವಿಡಿಯೋ ಶುರುವಾದಾಗ ತುಂಡಾಗುವುದು ಮುತ್ಯಾನ ಮಾತು. ವಿಡಿಯೋ ಮೊದಲೇ ತುಂಬಿಟ್ಟುಕೊಳ್ಳುತ್ತದೆ. ಮಾತಿಗೆ ಹಾಗೆ ತುಂಬಿಟ್ಟುಕೊಳ್ಳಲು ಸಮಯವಿಲ್ಲ. ಮಾತಿಗೆ ಮೊದಲ ದಾರಿ ಬಿಡು ಎಂದು ರೂಟರಿಗೆ ಹೇಳುವ ಸೆಟ್ಟಿಂಗ್ ಇದೆ.

21
"ನಾ ಅಂದದ್ದು ಅವರಿಗೆ ಕೇಳ್ತದ, ಅವರು ಅಂದದ್ದು ನಂಗ ಕೇಳಂಗಿಲ್ಲ." ದೇವದುರ್ಗದ ಒಬ್ಬರ ದೂರು, ತಾವೇ ಡಬ್ಬಿ ತರಿಸಿಕೊಂಡವರು. ಹೋಗುವ ದಾರಿ ತೆರೆದಿದೆ, ಬರುವ ದಾರಿಯನ್ನು ರೂಟರ್ ಮುಚ್ಚಿದೆ. ರೂಟರಿನೊಳಗೆ ಸಿಪ್ ಎಎಲ್‌ಜಿ ಎಂಬ ಸೌಲಭ್ಯ ಇರುತ್ತದೆ. ಇಂಟರ್‌ನೆಟ್ ಫೋನಿಗೆ ಸಹಾಯ ಮಾಡಲೆಂದೇ ಇಟ್ಟದ್ದು. ತಿಳಿದವರು ಮೊದಲು ಆಫ್ ಮಾಡಿಸುವುದು ಅದನ್ನೇ.

22
ಶಕ್ತಿನಗರದ ವಿದ್ಯುತ್ ಸ್ಥಾವರ ಆರ್‌ಟಿಪಿಎಸ್, 1,720 ಮೆಗಾವಾಟ್. ಮೊದಲ ಘಟಕ 1985ರದ್ದು. ಯರಮರಸ್ಸಿನಲ್ಲಿ ಇನ್ನೊಂದು, 800ರ ಎರಡು ಘಟಕ. ಎರಡೂ ರಾಯಚೂರು ತಾಲ್ಲೂಕಿನಲ್ಲೇ.

23
ಅದೇ ತಾಲ್ಲೂಕಿನ ಯಾಪಲದಿನ್ನಿಯಲ್ಲಿ ಕರೆಂಟ್ ಹೋಯಿತು. ಫೈಬರ್ ಪೆಟ್ಟಿಗೆ ಆರಿತು, ಫೋನು ಆರಿತು. ಹಳೆಯ ಫೋನಿಗೆ ಎಕ್ಸ್‌ಚೇಂಜಿನ ಬ್ಯಾಟರಿಯಿಂದ ತಂತಿಯಲ್ಲೇ ಕರೆಂಟ್ ಬರುತ್ತಿತ್ತು, ಕತ್ತಲೆಯಲ್ಲೂ ಬಾರಿಸುತ್ತಿತ್ತು. ಫೈಬರ್ ಗಾಜಿನ ಎಳೆ. ಬೆಳಕು ತರುತ್ತದೆ, ಕರೆಂಟ್ ತರುವುದಿಲ್ಲ.

ರೂಟರಿಗೆ ಪುಟ್ಟ ಯುಪಿಎಸ್ ಸಿಗುತ್ತದೆ, ಹೆಚ್ಚಿನವು 12 ವೋಲ್ಟಿನವು. ಬೇರೆ ಅಡಾಪ್ಟರ್ ಇದ್ದರೆ ಅದಕ್ಕೆ ಎಷ್ಟೋ ಸಲ 5 ವೋಲ್ಟ್ ಬೇಕು. ಎರಡೂ ಕೊಡುವ ಯುಪಿಎಸ್ ಕೇಳಿ ತರಬೇಕು. 12ರದನ್ನು 5ಕ್ಕೆ ಸಿಕ್ಕಿಸಿದರೆ ಡಬ್ಬಿ ಸುಟ್ಟುಹೋಗಬಹುದು. ಕಾರ್ಡ್‌ಲೆಸ್ ಫೋನಿದ್ದರೆ ಅದರ ಪೀಠಕ್ಕೂ ಕರೆಂಟ್ ಬೇಕು. ಇದು ಮಾತ್ರ ಯಾರಿಗೂ ನೆನಪಾಗುವುದಿಲ್ಲ.

24
ಮಾಳಿಗೆ ಮನೆಯ ಗೋಡೆ ಒಂದೂವರೆ ಮೊಳ. ಒಳಗೆ ಮೊಬೈಲ್ ಸಿಗ್ನಲ್ ಬರುವುದಿಲ್ಲ. ಮೊಬೈಲನ್ನೇ ವೈಫೈ ಮೇಲೆ ಮಾತಾಡಿಸಬಹುದು. ಏರ್‌ಟೆಲ್ 2019ರ ಡಿಸೆಂಬರಿನಲ್ಲಿ, ಜಿಯೋ ಮರುತಿಂಗಳು ಅದನ್ನು ತಂದವು. ಫೋನಿನಲ್ಲಿ ಒಂದು ಗುಂಡಿ ಸರಿಸಿದರೆ ಆಯಿತು, ದುಡ್ಡಿಲ್ಲ. ಮುತ್ಯಾನ ಮಗ ಇದನ್ನು ನನಗೆ ಹೇಳಿದ್ದು ತಂದೆಗೆ ಕೇಳದಂತೆ, ಹೊರಗೆ ಕಟ್ಟೆಯ ಮೇಲೆ ಕೂತು.

25
ಹೊಸ ನಂಬರಿಗೆ ಬಂದ ಮೊದಲ ಕರೆ ಸಾಲ ಬೇಕೇ ಎಂದು. ಹುಡುಗಿಯ ದನಿ, ಪುಸ್ತಕದ ಕನ್ನಡ. ಮುತ್ಯಾ ಕುರ್ಚಿ ಎಳೆದುಕೊಂಡು ಕೂತರು. ಯಾವ ಊರಾಕಿ ಎಂದು ಕೇಳಿದರು. ಮಳೆ ಆತೇನು ಎಂದು ಕೇಳಿದರು. ಬಡ್ಡಿ ತಿಂಗಳಿಗೆ ನೂರಕ್ಕೆ ಎಷ್ಟು ಎಂದು ಕೇಳಿದರು. ಆಕೆ ವರ್ಷದ ಲೆಕ್ಕ ಹೇಳಿದಳು. ಮುತ್ಯಾ ರಿಸೀವರನ್ನು ಹೆಗಲಿಗೆ ಒತ್ತಿಕೊಂಡು, ಬೆರಳೆಣಿಸಿ ಹನ್ನೆರಡರಿಂದ ಭಾಗಿಸಿದರು. "ಇಷ್ಟು ಕಮ್ಮಿ ಹೆಂಗವ್ವ ಪರವಡಿಸ್ತದ ನಿಮಗ?"